ಸೊಂಟದ ಸುತ್ತಳತೆಗೆ ಸುಂಕ

"ಟೇಪು ಸುತ್ತಿದ ಕೂಡಲೇ ಉಸಿರನ್ನು ಒಳಕ್ಕೆ ಎಳೆದುಕೊಂಡೆ. ಆ ನರ್ಸ್ ಮಹಾ ಕಿಲಾಡಿ, ನಾನು ಉಸಿರು ಬಿಡುವವರೆಗೂ ಕಾದಳು" ಎಂದು ಭೀಮ ಅಲವತ್ತುಕೊಂಡ. ಅಮೆರಿಕದಲ್ಲಿ ದುಡಿಯುವ ನಮ್ಮ ಗುಂಪಿನಲ್ಲಿ ಎಲ್ಲರೂ ಅಡ್ಡಹೆಸರಿನಲ್ಲೇ ಬದುಕುತ್ತಿದ್ದೇವೆ. ಭೀಮನ ಹೆಸರಿಗಂತೂ ವಿವರಣೆ ಬೇಕಿಲ್ಲ. ಅವನ ಕಂಪನಿ ಸ್ವಾಸ್ಥ್ಯ ಕಾರ್ಯಕ್ರಮದ ಹೆಸರಿನಲ್ಲಿ ನೌಕರರ ಸೊಂಟ, ರಕ್ತದೊತ್ತಡ ಅಳೆಯುತ್ತದೆ; ಗುರಿ ಮುಟ್ಟದಿದ್ದರೆ ಆರೋಗ್ಯ ವಿಮೆಯ ಪ್ರೀಮಿಯಂ ಏರುತ್ತದೆ.

"ರಕ್ತದೊತ್ತಡ ಎಷ್ಟು ಬಂತು?" ಎಂದರು ಲಾಯರಮ್ಮ.

"ಪ್ರೀಮಿಯಂ ಏರುತ್ತದೆಂಬ ಯೋಚನೆಯಲ್ಲಿ ಅದೂ ಏರಿತು."

ಲಾಯರಮ್ಮನಿಗೆ ಅಷ್ಟು ಸಾಕಾಯಿತು. "ಒಬಾಮ ಕಾಲದ 2010ರ ಆರೋಗ್ಯ ವಿಮೆ ಕಾನೂನು ಇದಕ್ಕೆ ಬಾಗಿಲನ್ನು ಅಗಲಿಸಿತು. 2014ರಿಂದ ಒಬ್ಬ ನೌಕರನ ವಿಮೆಯ ವೆಚ್ಚದಲ್ಲಿ ಶೇಕಡಾ 30ರವರೆಗೆ ಬಹುಮಾನವನ್ನೋ ದಂಡವನ್ನೋ ಇಡಬಹುದು. ತಂಬಾಕಿಗೆ ಶೇಕಡಾ 50. ಕಂಪನಿ ಕಟ್ಟುವ ಪಾಲೂ ಆ ಲೆಕ್ಕದಲ್ಲಿ ಸೇರುವುದರಿಂದ ಮೊತ್ತ ಸಣ್ಣದಲ್ಲ. ಆದರೆ ಗುರಿ ಮುಟ್ಟದವರಿಗೆ ಅದೇ ಬಹುಮಾನ ಪಡೆಯಲು ಬೇರೆ ದಾರಿ ಕೊಡಲೇಬೇಕು."

"ಕೊಟ್ಟಿದ್ದಾರೆ. ಪೌಷ್ಟಿಕ ಆಹಾರದ ವಿಡಿಯೊ ನೋಡಬೇಕಂತೆ. ಕುಳಿತು ಕುಳಿತೇ ಬೊಜ್ಜು ಬೆಳೆಸಿದವನಿಗೆ ಕುಳಿತು ನೋಡುವ ಪಾಠ!"

ಲೆಕ್ಕಪ್ಪ ಅಲ್ಲಿಯವರೆಗೆ ಬಾಯಿ ಬಿಚ್ಚಿರಲಿಲ್ಲ. ಅವನು ಬಾಯಿ ಬಿಚ್ಚಿದರೆ ಅಂಕಿಗಳೇ ಉದುರುತ್ತವೆ. "2010ರಲ್ಲಿ ಹಾರ್ವರ್ಡ್ ಅರ್ಥಶಾಸ್ತ್ರಜ್ಞರು ಹಳೆಯ ಅಧ್ಯಯನಗಳನ್ನು ಒಟ್ಟುಗೂಡಿಸಿ, ಇಂಥ ಕಾರ್ಯಕ್ರಮಕ್ಕೆ ಹಾಕಿದ ಒಂದು ಡಾಲರಿಗೆ ಚಿಕಿತ್ಸಾ ವೆಚ್ಚದಲ್ಲಿ ಸುಮಾರು 3.27 ಡಾಲರ್ ಉಳಿತಾಯ ಎಂದರು. ಕಂಪನಿಗಳು ಕುಣಿದಾಡಿದವು. ಆಮೇಲೆ ಅದೇ ತಂಡದ ಇಬ್ಬರು ಸರಿಯಾದ ಪ್ರಯೋಗವನ್ನೇ ಮಾಡಿದರು. ಬಿಜೆಸ್ ಎಂಬ ಸಗಟು ಮಾರಾಟ ಸರಣಿಯ 160 ಕಡೆ, ಸುಮಾರು 33,000 ನೌಕರರು. ಕಾರ್ಯಕ್ರಮ ಎಲ್ಲಿ ನಡೆಯಬೇಕೆಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿದರು. 2019ರಲ್ಲಿ ಫಲಿತಾಂಶ ಬಂತು. ಹದಿನೆಂಟು ತಿಂಗಳು ಕಳೆದರೂ ರಕ್ತದೊತ್ತಡ, ಕೊಲೆಸ್ಟರಾಲ್, ವೆಚ್ಚ ಯಾವುದರಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ವ್ಯಾಯಾಮ ಮಾಡುತ್ತೇವೆ ಎಂದು ಹೇಳಿಕೊಳ್ಳುವವರು ಮಾತ್ರ ಹೆಚ್ಚಾಗಿದ್ದರು."

"ಹೇಳಿಕೊಳ್ಳಲು ನಾನೂ ಸಿದ್ಧ" ಎಂದ ಭೀಮ.

"ಹಾಗಾದರೆ ಹಳೆಯ ಅಧ್ಯಯನಗಳೆಲ್ಲ ಸುಳ್ಳೇ?" ಎಂದೆ.

"ಸುಳ್ಳಲ್ಲ, ಹೋಲಿಸಿದ್ದು ತಪ್ಪು. ಇಲಿನಾಯ್ ವಿಶ್ವವಿದ್ಯಾಲಯದ ಪ್ರಯೋಗದಲ್ಲಿ ಕಂಡದ್ದೂ ಅದೇ. ಇಂಥದ್ದಕ್ಕೆ ತಾವಾಗಿ ಸೇರುವವರು ಮೊದಲೇ ಆಸ್ಪತ್ರೆಗೆ ಕಡಿಮೆ ಸುರಿಯುವವರು. ಈಜು ಬಲ್ಲವರನ್ನೇ ಕೊಳಕ್ಕೆ ಇಳಿಸಿ, ಯಾರೂ ಮುಳುಗಲಿಲ್ಲ, ಎಲ್ಲ ನಮ್ಮ ತರಬೇತಿಯ ಮಹಿಮೆ ಎಂದರೆ?"

"ಮತ್ತೆ ಕಂಪನಿಗೆ ಉಳಿಯುವುದೇನು?"

"ನೀನು" ಎಂದು ಲೆಕ್ಕಪ್ಪ ಭೀಮನ ಕಡೆ ಬೆರಳು ತೋರಿಸಿದ. "ನಿನ್ನ ದಂಡ."

ಈ ಮಾತು ನನಗೆ ನಾಟಿತು. ಕಾಯಿಲೆಯ ಖರ್ಚು ಇಳಿಯದಿದ್ದರೂ ಅದು ಕಂಪನಿಯ ಜೇಬಿನಿಂದ ದಪ್ಪಗಿರುವವನ ಜೇಬಿಗೆ ಜರುಗುತ್ತದೆ, ಹೆಸರು ಮಾತ್ರ ಸ್ವಾಸ್ಥ್ಯ.

"ತಪಾಸಣೆಗೆ ಬರುವುದೇ ಇಲ್ಲ ಎಂದರೆ?" ಭೀಮ ಮೆಲ್ಲಗೆ ಕೇಳಿದ.

"ಯೇಲ್ ವಿಶ್ವವಿದ್ಯಾಲಯ ಕಾರ್ಯಕ್ರಮಕ್ಕೆ ಸೇರದ ನೌಕರರಿಂದ ವಾರಕ್ಕೆ 25 ಡಾಲರ್ ಹಿಡಿಯುತ್ತಿತ್ತು" ಎಂದರು ಲಾಯರಮ್ಮ. "2019ರಲ್ಲಿ ನೌಕರರು ದಾವೆ ಹೂಡಿದರು. 2022ರಲ್ಲಿ ಸುಮಾರು 13 ಲಕ್ಷ ಡಾಲರಿಗೆ ರಾಜಿಯಾಯಿತು."

"ವರ್ಷಕ್ಕೆ 1,300 ಡಾಲರ್" ಎಂದು ಲೆಕ್ಕಪ್ಪ ಗುಣಿಸಿ ಮುಗಿಸಿದ್ದ.

"ಇಷ್ಟೇ ತಾನೇ?" ಎಂದ ಭೀಮ. "ಅಷ್ಟನ್ನು ನಾನು ಹೋಗದ ಜಿಮ್ಮಿಗೇ ಕಟ್ಟುತ್ತಿದ್ದೇನೆ."