ಪೇಸ್‌ಮೇಕರ್: ತಂತಿ ಇರುವುದೋ, ತಂತಿ ಇಲ್ಲದ್ದೋ?

ಪ್ರಶ್ನೆ (ಆಳಂದ): ನಮ್ಮ ಕಾಕಾ ಅವರ ಹೃದಯದ ಮೇಲಿನ ಕೋಣೆಗಳ ವಿದ್ಯುತ್ ಸಂಕೇತ ಕೆಳಗಿನ ಕೋಣೆಗಳಿಗೆ ತಲುಪುತ್ತಿಲ್ಲವಾದ್ದರಿಂದ ಪೇಸ್‌ಮೇಕರ್ (ವಿದ್ಯುತ್ ಮಿಡಿತ ಕೊಟ್ಟು ಹೃದಯ ಬಡಿಯುವಂತೆ ಮಾಡುವ ಪುಟ್ಟ ಸಾಧನ) ಅಳವಡಿಸಬೇಕೆಂದು ಕಲಬುರಗಿಯ ವೈದ್ಯರು ತಿಳಿಸಿದ್ದಾರೆ. ತಂತಿಯಿಲ್ಲದ ಹೊಸ ಸಾಧನವೇ ಮೇಲೆಂದು ಪರಿಚಿತರು ಹೇಳುತ್ತಾರೆ. ಎದೆಯ ಚರ್ಮದಡಿ ಸಾಧನವಿಟ್ಟು, ರಕ್ತನಾಳದ ಮೂಲಕ ಹೃದಯಕ್ಕೆ ತಂತಿ ಸಾಗಿಸುವ ಹಳೆಯ ವಿಧಾನವನ್ನು ನಂಬಬಹುದೇ?

ಉತ್ತರ (ಕಲಬುರಗಿ): ಧಾರಾಳವಾಗಿ ನಂಬಬಹುದು. 1958ರಲ್ಲಿ ಸ್ವೀಡನ್ನಿನ ರೋಗಿ ಆರ್ನೆ ಲಾರ್ಸನ್ ಅವರ ದೇಹದೊಳಗೆ ಅಳವಡಿಸಿದ ಜಗತ್ತಿನ ಮೊದಲ ಸಾಧನ ಕೆಲವೇ ಗಂಟೆಗಳಲ್ಲಿ ಕೆಟ್ಟಿತು. ಆದರೂ ಒಂದಾದ ಮೇಲೊಂದರಂತೆ ಇಪ್ಪತ್ತಕ್ಕೂ ಹೆಚ್ಚು ಸಾಧನಗಳನ್ನು ಹಾಕಿಸಿಕೊಂಡು ಅವರು 2001ರವರೆಗೆ ಬದುಕಿದರು. ಆ ಕಾಲದ ನಿಜವಾದ ತೊಡಕು ಬ್ಯಾಟರಿಯದು. ಪಾದರಸದ ಬ್ಯಾಟರಿಗಳು ಬೇಗ ಬರಿದಾಗುತ್ತಿದ್ದುದಲ್ಲದೆ, ಅನಿಲವನ್ನೂ ಹೊಮ್ಮಿಸುತ್ತಿದ್ದುದರಿಂದ ಕವಚವನ್ನು ಗಾಳಿಯಾಡದಂತೆ ಮುಚ್ಚಲು ಆಗುತ್ತಿರಲಿಲ್ಲ. 1970ರ ದಶಕದಲ್ಲಿ ಲಿಥಿಯಂ-ಅಯೋಡಿನ್ ಬ್ಯಾಟರಿ ಬಂದ ಮೇಲೆ ಟೈಟಾನಿಯಂ ಕವಚಕ್ಕೆ ಪೂರ್ತಿ ಬೆಸುಗೆ ಹಾಕುವುದು ಸಾಧ್ಯವಾಯಿತು. ನನ್ನ ಮಟ್ಟಿಗೆ, ಈ ಕ್ಷೇತ್ರದ ದೊಡ್ಡ ಜಿಗಿತ ಅದೇ.

ಉತ್ತರ (ಬೀದರ್): ತಂತಿಯಿಲ್ಲದ ಮೈಕ್ರಾ ಸಾಧನಕ್ಕೆ ಅಮೆರಿಕದಲ್ಲಿ 2016ರಲ್ಲಿ ಅನುಮತಿ ದೊರೆಯಿತು. ಸುಮಾರು 2 ಗ್ರಾಂ ತೂಗುವ ಅದನ್ನು ತೊಡೆಯ ರಕ್ತನಾಳದ ಮೂಲಕ ಒಯ್ದು ಹೃದಯದ ಬಲ ಕೆಳಕೋಣೆಯೊಳಗೇ ನೆಲೆಗೊಳಿಸುತ್ತಾರೆ. ಎದೆಯ ಮೇಲೆ ಗಾಯವಿಲ್ಲ, ತಂತಿ ಮುರಿಯುವ ಭಯವೂ ಇಲ್ಲ. ಆದರೆ ಬೆಲೆ ಬಹಳ ಹೆಚ್ಚು. ವರ್ಷಗಳ ನಂತರ ಅದನ್ನು ಹೊರತೆಗೆಯುವುದೂ ಸುಲಭವಲ್ಲ. ತಂತಿ ಸಾಗಿಸಲು ರಕ್ತನಾಳ ಸರಿಯಿಲ್ಲದವರಿಗೆ, ಸೋಂಕಿನ ಅಪಾಯ ಹೆಚ್ಚಿರುವವರಿಗೆ ಅದು ವರವೇ ಸರಿ. ಕಾಕಾ ಅವರಿಗೆ ಹೃದಯದ ಒಂದೇ ಕೋಣೆಗೆ ಮಿಡಿತ ಕೊಡುವ ಸಾಧನ ಸಾಕೋ, ಮೇಲಿನ ಮತ್ತು ಕೆಳಗಿನ ಎರಡೂ ಕೋಣೆಗಳಿಗೆ ಕೊಡುವುದು ಬೇಕೋ ಎಂಬುದನ್ನು ಮೊದಲು ವೈದ್ಯರಲ್ಲಿ ಕೇಳಿರಿ.

ಉತ್ತರ (ಯಾದಗಿರಿ): ಎಂಆರ್‌ಐಗೆ (ಅಯಸ್ಕಾಂತ ಬಳಸುವ ಸ್ಕ್ಯಾನ್‌ಗೆ) ಹೊಂದುವ ಸಾಧನವೇ ಎಂಬುದನ್ನೂ ಕೇಳಿ, ಅದರ ಗುರುತಿನ ಕಾರ್ಡನ್ನು ತಪ್ಪದೆ ಪಡೆಯಿರಿ. ತಂತಿಯ ಸಾಧನ ಸಾಮಾನ್ಯವಾಗಿ ಎದೆಯ ಎಡಭಾಗದಲ್ಲಿದ್ದು, ಮೊಬೈಲ್ ಅದಕ್ಕೆ ಅಡ್ಡಿಯಾಗಬಹುದಾದ್ದರಿಂದ, ಅಂಗಿಯ ಎಡ ಜೇಬಿನಲ್ಲಿ ಮೊಬೈಲ್ ಇಡುವ ರೂಢಿಯನ್ನು ಕಾಕಾ ಅವರು ಬಿಡಬೇಕಾಗುತ್ತದೆ.