ಅಪ್‌ಡೇಟ್: ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿದ್ದಕ್ಕೆ ಕಾರು ‘ಕೆಟ್ಟುಹೋಯಿತಾ’ ಅಂತ ಕೇಳಿದ್ದೆನಲ್ಲ

ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. ನೆನಪಿಲ್ಲದವರಿಗೆ: ನನ್ನ 1960ರ ದಶಕದ ಕಾರಿನ ಬಾನೆಟ್ ಒಳಗೆ ಇಣುಕಿದ ಹಿರಿಯರೊಬ್ಬರು, ಪಾಯಿಂಟ್ಸ್ (ಎಂಜಿನ್‌ಗೆ ಕಿಡಿ ಹುಟ್ಟಿಸಲು ಕರೆಂಟ್ ಕಡಿಯುವ ಹಳೆಯ ಸ್ವಿಚ್) ತೆಗೆದು ಅದೇ ಕೆಲಸ ಮಾಡುವ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿದವರಿಗೆ ರಿಸ್ಟೋರೇಶನ್ (ಹಳೆ ಕಾರನ್ನು ಮೂಲ ಸ್ಥಿತಿಗೆ ತರುವುದು) ಅನ್ನೋ ಮಾತೇ ಬೇಡ ಎಂದಿದ್ದರು. ವಾಪಸ್ ಪಾಯಿಂಟ್ಸ್ ಹಾಕಬೇಕಾ ಅಂತ ಕೇಳಿದ್ದೆ.

ಹಾಕಲಿಲ್ಲ. ಪಾಯಿಂಟ್ಸ್ ಕೂರುವ ಹಳೆಯ ಬ್ರೇಕರ್ ಪ್ಲೇಟ್, ಅದರ ಜೊತೆಗಿನ ಕಂಡೆನ್ಸರ್ ಎರಡನ್ನೂ ಎಣ್ಣೆ ಸವರಿದ ಬಟ್ಟೆಯಲ್ಲಿ ಸುತ್ತಿ ಡಿಕ್ಕಿಯಲ್ಲಿ ಇಟ್ಟಿದ್ದೇನೆ. ಯಾವಾಗ ಬೇಕಾದರೂ ಹಿಂದಿನಂತೆ ಮಾಡಬಹುದು. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫಿವಾ (1966ರಲ್ಲಿ ಶುರುವಾದದ್ದು) ಒಪ್ಪಿದ ಟ್ಯೂರಿನ್ ಚಾರ್ಟರ್ (ಹಳೆ ವಾಹನ ಕಾಪಾಡುವ ಮಾರ್ಗಸೂಚಿ) ಹೇಳುವುದೂ ಹೆಚ್ಚೂ ಕಡಿಮೆ ಇದನ್ನೇ. ಬದಲಾವಣೆ ಬೇಕೇ ಬೇಕಾದರೆ ಕಮ್ಮಿ ಮಾಡಿ, ಮತ್ತೆ ತೆಗೆಯಲು ಬರುವಂತೆ ಮಾಡಿ.

ಮೊನ್ನೆ ಆ ಹಿರಿಯರ ಕಾರನ್ನೂ ಹತ್ತಿರದಿಂದ ನೋಡಿದೆ. ಕೆಲಸ ಅದ್ಭುತ, ಸುಳ್ಳು ಹೇಳಲ್ಲ. ಆದರೆ ಪೇಂಟ್ ಕನ್ನಡಿ ಥರ ಹೊಳೆಯುತ್ತಿತ್ತು. ಆ ಕಾಲದ ಕಾರ್ಖಾನೆ ಪೇಂಟ್‌ನಲ್ಲಿ ಕಿತ್ತಳೆ ಸಿಪ್ಪೆಯಂಥ ಸಣ್ಣ ತರಿ ಇರುತ್ತಿತ್ತು, ಅಲ್ವಾ? ಟೈರ್ ನೋಡಿದರೆ ಈಗಿನ ಕಾಲದ ರೇಡಿಯಲ್! ಕಾರು ಹೊರಬಂದಾಗ ಇದ್ದದ್ದು ಹಳೆ ಥರದ ಕ್ರಾಸ್‌ಪ್ಲೈ ಟೈರ್. ಕೇಳಿದ್ದಕ್ಕೆ, “ಅದು ಸೇಫ್ಟಿಗೆ, ಬೇರೆ ವಿಷಯ” ಎಂದರು. ಸುಮ್ನೆ ನಕ್ಕೆ.

ಒಂದು ಒಪ್ಪಲೇಬೇಕು: ಕಾರ್ಬುರೇಟರ್ (ಪೆಟ್ರೋಲ್, ಗಾಳಿ ಬೆರೆಸುವ ಭಾಗ) ಟ್ಯೂನಿಂಗ್ ಅವರಷ್ಟು ಚೆನ್ನಾಗಿ ಯಾರಿಗೂ ಬರಲ್ಲ. ನನ್ನ ಕಾರಿನ ಐಡ್ಲಿಂಗ್ ಕಿವಿಯಿಂದಲೇ ಕೇಳಿ, ಮಿಕ್ಸ್‌ಚರ್ ಸ್ಕ್ರೂ ಕಾಲು ಸುತ್ತು ತಿರುಗಿಸಿ ಸರಿಮಾಡಿದರು. ಆಮೇಲೆ ಆ ಎಲೆಕ್ಟ್ರಾನಿಕ್ ಇಗ್ನಿಷನ್ ಕೂತಿರುವ ಡಿಸ್ಟ್ರಿಬ್ಯೂಟರ್ ಕಡೆ ನೋಡಿ ಮತ್ತೆ ಮುಖ ಸಿಂಡರಿಸಿದರು.