ಮೊದಲ ಮಹಾಯುದ್ಧ ಮುಗಿದಾಗ ಕೇಂಬ್ರಿಡ್ಜ್ ಊರು ಏನು ಮಾಡಿತು? ಅಪ್ಪನಿಗೆ ಏನೇನು ತೋರಿಸಲಿ?

ಸೈಕಲ್‌ಸವಾರ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನವೆಂಬರ್‌ನಲ್ಲಿ ಅಪ್ಪ ಅಮ್ಮ ಕೇಂಬ್ರಿಡ್ಜ್‌ಗೆ ಬರುತ್ತಿದ್ದಾರೆ. ಅಪ್ಪ ಸೇನೆಯಲ್ಲಿದ್ದು ನಿವೃತ್ತರಾದವರು. ಕಾಲೇಜು, ನದಿ, ದೋಣಿ ಎಲ್ಲ ಹೇಗೂ ತೋರಿಸುತ್ತೇನೆ, ಆದರೆ ಅವರು ಫೋನಿನಲ್ಲಿ ಕೇಳಿದ್ದು ಬೇರೆಯೇ, "ಅಲ್ಲಿ ಸೈನಿಕರ ಸ್ಮಾರಕ ಇದೆಯೇನೋ, ಅಲ್ಲಿಗೆ ಕರ್ಕೊಂಡು ಹೋಗು" ಅಂತ.

ರೈಲ್ವೆ ಸ್ಟೇಷನ್ನಿಂದ ಬರುವಾಗ ಹಿಲ್ಸ್ ರೋಡ್ ಮೂಲೆಯಲ್ಲಿ ಒಬ್ಬ ಸೈನಿಕನ ಕಂಚಿನ ಪ್ರತಿಮೆ ಇದೆ. ದಿನಾ ಅದರ ಪಕ್ಕದಲ್ಲೇ ಸೈಕಲ್ ಹೊಡೆಯುತ್ತೇನೆ. ಅದರಲ್ಲಿ ಸತ್ತವರ ಹೆಸರುಗಳೇ ಇಲ್ಲ, ಮುಖದಲ್ಲಿ ದುಃಖವೂ ಇಲ್ಲ. ಯಾಕೆ ಹಾಗೆ? ಯುದ್ಧ ಮುಗಿದ ದಿನ ಈ ಊರಲ್ಲಿ ಏನಾಯಿತು, ವಾಪಸ್ ಬಂದವರನ್ನು ಹೇಗೆ ನಡೆಸಿಕೊಂಡರು ಅಂತ ಗೊತ್ತಿರುವವರು ದಯವಿಟ್ಟು ಹೇಳಿ. ಅಪ್ಪ ಪ್ರಶ್ನೆ ಕೇಳುವುದರಲ್ಲಿ ಜೋರು, ಸುಮ್ನೆ ಕಲ್ಲು ತೋರಿಸಿದರೆ ಆಗುವುದಿಲ್ಲ.

ಕಾವೇರಿತೀರ ಬರೆದದ್ದು:

ಒಳ್ಳೆಯ ಪ್ರಶ್ನೆ. ಆ ಪ್ರತಿಮೆಯ ಹೆಸರೇ 'ದಿ ಹೋಮ್‌ಕಮಿಂಗ್'. ಅದು ಸತ್ತವನ ಪ್ರತಿಮೆ ಅಲ್ಲ, ಬದುಕಿ ಮನೆಗೆ ಬರುತ್ತಿರುವವನದು. ಮಾಡಿದವರು ರಾಬರ್ಟ್ ಟೇಟ್ ಮೆಕೆಂಜಿ, ಕೆನಡಾದಲ್ಲಿ ಹುಟ್ಟಿದ ಡಾಕ್ಟರ್. ಶಿಲ್ಪಿಯೂ ಹೌದು, ಯುದ್ಧದ ಸಮಯದಲ್ಲಿ ಗಾಯಗೊಂಡ ಸೈನಿಕರಿಗೆ ಮತ್ತೆ ಕೈಕಾಲು ಆಡಿಸುವುದನ್ನು ಕಲಿಸುವ ಕೆಲಸ ಮಾಡಿದವರು. ಮೈಯ ಚಲನೆ ಅವರಿಗೆ ಚೆನ್ನಾಗಿ ಗೊತ್ತಿತ್ತು, ಅದು ಆ ನಡಿಗೆಯಲ್ಲೇ ಕಾಣುತ್ತದೆ. 1922ರ ಜುಲೈ 3ರಂದು ಡ್ಯೂಕ್ ಆಫ್ ಯಾರ್ಕ್ ಬಂದು ಅನಾವರಣ ಮಾಡಿದರು, ಮುಂದೆ ಆರನೇ ಜಾರ್ಜ್ ದೊರೆ ಆದರಲ್ಲ, ಅವರೇ.

ಒಮ್ಮೆ ಸೈಕಲ್ ನಿಲ್ಲಿಸಿ ಹತ್ತಿರದಿಂದ ನೋಡಿ. ಹೆಲ್ಮೆಟ್ ತಲೆಯ ಮೇಲಿಲ್ಲ, ಕೈಯಲ್ಲಿದೆ. ದೊಡ್ಡ ಹೆಜ್ಜೆ. ಯಾರೋ ಗುರುತಿನವರು ಕರೆದ ಹಾಗೆ ತಲೆ ಪಕ್ಕಕ್ಕೆ ತಿರುಗಿದೆ. ಬೆನ್ನ ಮೇಲೆ ಸಾಮಾನಿನ ಚೀಲ, ಅದರ ಜೊತೆ ಒಂದು ಜರ್ಮನ್ ಹೆಲ್ಮೆಟ್ ಕಟ್ಟಿಕೊಂಡಿದ್ದಾನೆ. ಮನೆಯವರಿಗೆ ತೋರಿಸಲು ತಂದದ್ದು, ಅಷ್ಟೇ. ಮುಖ್ಯ ವಿಷಯ ಅವನ ದಿಕ್ಕು: ಸ್ಟೇಷನ್ ಕಡೆ ಬೆನ್ನು, ಊರಿನ ಕಡೆ ಮುಖ. ಇದೇ ದಾರಿಯಲ್ಲಿ ಹುಡುಗರು ಸ್ಟೇಷನ್ನಿಗೆ ನಡೆದು ರೈಲು ಹತ್ತಿ ಯುದ್ಧಕ್ಕೆ ಹೋಗಿದ್ದರು. 2012ರಲ್ಲಿ ಪ್ರತಿಮೆಯನ್ನು ಸ್ವಲ್ಪ ಸರಿಸಿದರು, ಈಗ ಬೊಟಾನಿಕ್ ಗಾರ್ಡನ್ ಮೂಲೆಯ ಹತ್ತಿರ ಇದೆ.

ಹೆಸರುಗಳು ಯಾಕಿಲ್ಲ ಅಂದರೆ, ಅವು ಹತ್ತಿರದ ಊರು ಈಲಿಯಲ್ಲಿವೆ. ಜಿಲ್ಲೆಗೆ ಅಂತ ಯೋಜನೆ ಮಾಡುವಾಗ ಎರಡು ಭಾಗ ಮಾಡಿದರು. ಬಂದವರ ಪ್ರತಿಮೆ ಕೇಂಬ್ರಿಡ್ಜ್‌ನಲ್ಲಿ, ಬಾರದವರ ಹೆಸರು ಈಲಿ ಕೆಥೀಡ್ರಲ್‌ನ ಸೇಂಟ್ ಜಾರ್ಜ್ ಚಾಪೆಲ್‌ನಲ್ಲಿ. ಅಲ್ಲಿ ಓಕ್ ಮರದ ಹಲಗೆಗಳಿಗೆ ಕೀಲು ಹಾಕಿದ್ದಾರೆ, ಬೀರುವಿನ ಬಾಗಿಲಿನಂತೆ ಒಂದೊಂದನ್ನೇ ತೆರೆದು ಹೆಸರು ಓದಬಹುದು. ರೈಲಿನಲ್ಲಿ ಕಾಲು ಗಂಟೆ ದಾರಿ, ಅಪ್ಪನನ್ನು ಖಂಡಿತ ಕರೆದುಕೊಂಡು ಹೋಗಿ.

ಹಳೇಪುಸ್ತಕ ಬರೆದದ್ದು:

ಮುಗಿದ ದಿನ ಏನಾಯಿತು ಅಂತ ಕೇಳಿದ್ದೀರಿ. 1918ರ ನವೆಂಬರ್ 11. ಗಂಟೆ, ಬಾವುಟ, ಕುಣಿತ ಎಲ್ಲ ಊರಲ್ಲೂ ಇತ್ತು. ಆದರೆ ಕೇಂಬ್ರಿಡ್ಜ್‌ನಲ್ಲಿ ಅವತ್ತು ನಡೆದ ಇನ್ನೊಂದು ಸಂಗತಿಯನ್ನು ಯಾರೂ ಪ್ರವಾಸಿಗರಿಗೆ ಹೇಳುವುದಿಲ್ಲ.

ಸಿ.ಕೆ. ಆಗ್ಡೆನ್ ಅನ್ನುವವರು ಕೇಂಬ್ರಿಡ್ಜ್ ಮ್ಯಾಗಜೀನ್ ಎಂಬ ವಾರಪತ್ರಿಕೆ ನಡೆಸುತ್ತಿದ್ದರು. ಯುದ್ಧದ ಉದ್ದಕ್ಕೂ ಅದರಲ್ಲಿ ವಿದೇಶಿ ಪತ್ರಿಕೆಗಳ ತುಣುಕುಗಳನ್ನು, ಶತ್ರು ದೇಶದವನ್ನೂ ಸೇರಿಸಿ, ಅನುವಾದ ಮಾಡಿ ಹಾಕುತ್ತಿದ್ದರು. ಎದುರಿನವರು ಏನು ಯೋಚಿಸುತ್ತಿದ್ದಾರೆ ಅಂತ ನಮ್ಮ ಜನಕ್ಕೂ ಗೊತ್ತಿರಲಿ ಅನ್ನುವುದು ಉದ್ದೇಶ. ಅದಕ್ಕೇ ಅವರಿಗೆ ದೇಶದ್ರೋಹಿ ಅನ್ನುವ ಪಟ್ಟ. ಶಾಂತಿ ಘೋಷಣೆಯಾದ ದಿನವೇ ಕುಡಿದ ವೈದ್ಯಕೀಯ ವಿದ್ಯಾರ್ಥಿಗಳ ಗುಂಪೊಂದು ಅವರ ಅಂಗಡಿಗೆ ನುಗ್ಗಿ ಪುಡಿಪುಡಿ ಮಾಡಿತು. ಡಂಕನ್ ಗ್ರಾಂಟ್, ವನೆಸ್ಸಾ ಬೆಲ್, ರೋಜರ್ ಫ್ರೈ ಅವರ ಚಿತ್ರಗಳನ್ನು ಕಿಟಕಿಯ ಗಾಜು ಒಡೆದು ಬೀದಿಗೆ ಎಸೆದರು. ನೋಡುತ್ತ ನಿಂತವರಲ್ಲಿ ಮುಂದೆ ಸಾಹಿತ್ಯ ವಿಮರ್ಶಕರಾಗಿ ಹೆಸರಾದ ಐ.ಎ. ರಿಚರ್ಡ್ಸ್ ಕೂಡ ಇದ್ದರು. ರಾತ್ರಿ ಆಗ್ಡೆನ್ ಈ ರಿಚರ್ಡ್ಸ್ ಹತ್ತಿರ ಬಂದು, ಗಲಾಟೆ ಮಾಡಿದವರಲ್ಲಿ ಯಾರ ಗುರುತಾದರೂ ಸಿಕ್ಕಿತೇ ಅಂತ ವಿಚಾರಿಸಿದರು. ಮಾತು ಎಲ್ಲಿಂದ ಎಲ್ಲಿಗೋ ಹೋಗಿ ಮೆಟ್ಟಿಲ ಮೇಲೇ ನಡುರಾತ್ರಿ ದಾಟಿತು. ಭಾಷೆ ಮತ್ತು ಅರ್ಥದ ಬಗ್ಗೆ ಇಬ್ಬರೂ ಸೇರಿ 1923ರಲ್ಲಿ ತಂದ ಪುಸ್ತಕದ ಬೀಜ ಬಿದ್ದದ್ದು ಅವತ್ತೇ.

ಯುದ್ಧ ಮುಗಿದ ಸಂತೋಷಕ್ಕೆ ಒಬ್ಬ ಸಂಪಾದಕನ ಅಂಗಡಿ ಒಡೆಯುವುದು ಯಾವ ಸೀಮೆಯ ಗೌರವ? ನನಗಂತೂ ಇದನ್ನು ಬಿಟ್ಟು ಬರೀ ಪ್ರತಿಮೆ ತೋರಿಸುವುದು ಅರ್ಧ ಕಥೆ ಅನಿಸುತ್ತದೆ.

ಸೈಕಲ್‌ಸವಾರ:

ಅಯ್ಯೋ, ಇದು ಗೊತ್ತೇ ಇರಲಿಲ್ಲ. ಆದರೆ ಒಂದು ಕೇಳಲಾ? ಅವತ್ತು ಗಲಾಟೆ ಮಾಡಿದವರು ಯುದ್ಧಕ್ಕೆ ಹೋಗಿ ಬಂದವರಾ ಅಥವಾ ಊರಲ್ಲೇ ಇದ್ದವರಾ? ಅಪ್ಪ ಮೊದಲು ಕೇಳುವುದೇ ಇದನ್ನು.

ಬಿಳಿಕೋಟು ಬರೆದದ್ದು:

ಹೆಚ್ಚಿನ ಸೈನಿಕರು ಅವತ್ತು ಇನ್ನೂ ಊರಿಗೆ ಬಂದೇ ಇರಲಿಲ್ಲ, ಅಲ್ವಾ? ನವೆಂಬರ್ 11ಕ್ಕೆ ಬಂದೂಕು ನಿಂತಿತು ಅಷ್ಟೇ, ಪಡೆಗಳನ್ನು ಬಿಡುಗಡೆ ಮಾಡಿ ಮನೆಗೆ ಕಳಿಸುವ ಕೆಲಸ 1919ರಲ್ಲೂ ನಡೆಯುತ್ತಲೇ ಇತ್ತು. ಹಾಗಾಗಿ ಒಂದು ದಿನದ ಗಲಾಟೆ ನೋಡಿ ಇಡೀ ಊರನ್ನು ಅಳೆಯಬೇಡಿ ಹಳೇಪುಸ್ತಕ ಅವರೇ. ಈ ಊರು ಮಾಡಿದ ನಿಜವಾದ ಕೆಲಸ ಆಸ್ಪತ್ರೆಯಲ್ಲಿ ಕಾಣುತ್ತದೆ.

1914ರ ಆಗಸ್ಟ್‌ನಲ್ಲಿ ಟ್ರಿನಿಟಿ ಕಾಲೇಜಿನ ನೆವಿಲ್ಸ್ ಕೋರ್ಟ್‌ನಲ್ಲಿ, ಲೈಬ್ರರಿ ಕೆಳಗಿನ ಕಂಬಗಳ ಸಾಲಿನಲ್ಲೇ ಮಂಚ ಹಾಕಿ ಗಾಯಾಳುಗಳನ್ನು ಮಲಗಿಸಿದ್ದರು. ನಮ್ಮ ಶ್ರೀನಿವಾಸ ರಾಮಾನುಜನ್ ಆಗ ಅದೇ ಟ್ರಿನಿಟಿಯಲ್ಲಿದ್ದರು. ಬಂದು ಕೆಲವೇ ತಿಂಗಳಾಗಿತ್ತು, ಅಷ್ಟರಲ್ಲಿ ಪಾಠ ಹೇಳುವವರು, ಕಲಿಯುವವರು ಒಬ್ಬೊಬ್ಬರಾಗಿ ಯುದ್ಧಕ್ಕೆ ಹೊರಟು ಕಾಲೇಜು ಖಾಲಿಯಾಯಿತು. ಆರೋಗ್ಯ ಕೆಟ್ಟರೂ ಯುದ್ಧ ಮುಗಿಯುವವರೆಗೆ ಹಡಗು ಹತ್ತುವುದು ಅಪಾಯ. 1919ರ ಫೆಬ್ರವರಿಯಲ್ಲಿ ಊರಿಗೆ ಹೊರಟರು, ಮರುವರ್ಷ ಏಪ್ರಿಲ್‌ನಲ್ಲಿ ತೀರಿಕೊಂಡರು. ಅವರ ಮಟ್ಟಿಗೆ ಶಾಂತಿ ಬಂದದ್ದು ತಡವಾಯಿತು.

ಗಾಯಾಳುಗಳು ಜಾಸ್ತಿಯಾದಾಗ ಆಸ್ಪತ್ರೆಯನ್ನು ಕಿಂಗ್ಸ್ ಮತ್ತು ಕ್ಲೇರ್ ಕಾಲೇಜುಗಳ ಕ್ರಿಕೆಟ್ ಮೈದಾನಕ್ಕೆ ಸಾಗಿಸಿದರು. ಫಸ್ಟ್ ಈಸ್ಟರ್ನ್ ಜನರಲ್ ಹಾಸ್ಪಿಟಲ್. ವಾರ್ಡುಗಳಿಗೆ ಒಂದು ಕಡೆ ಗೋಡೆಯೇ ಇರಲಿಲ್ಲ! ಗಾಳಿ ಬೆಳಕು ಇದ್ದರೆ ಗಾಯ ಬೇಗ ಮಾಯುತ್ತದೆ ಅನ್ನುವ ನಂಬಿಕೆ. ಇಂಗ್ಲೆಂಡಿನ ಚಳಿಗಾಲದಲ್ಲಿ, ಬರೀ ಕಂಬಳಿ ಹೊದ್ದು. ಯುದ್ಧ ಮುಗಿದ ಮೇಲೆ ಆ ಶೆಡ್ಡುಗಳಲ್ಲೇ ಮನೆ ಸಿಗದ ಕುಟುಂಬಗಳು ಸಂಸಾರ ಮಾಡಿದವು. ಈಗ ಅದೇ ಜಾಗದಲ್ಲಿ 1934ರಲ್ಲಿ ತೆರೆದ ಯೂನಿವರ್ಸಿಟಿ ಲೈಬ್ರರಿ ಇದೆ.

ಬಂದವರಿಗೆ ಓದಲು ಜಾಗ ಕೊಟ್ಟದ್ದೂ ಒಂದು ಗೌರವವೇ. ಓದಬೇಕಾದ ವಯಸ್ಸಿನಲ್ಲಿ ಹಡಗಿಗೆ ಹೋದ ಸುಮಾರು 400 ಯುವ ನೌಕಾ ಅಧಿಕಾರಿಗಳನ್ನು 1919ರಲ್ಲಿ ಇಲ್ಲಿಗೆ ಓದಲು ಕಳಿಸಿದರು. ಅವರಲ್ಲಿ ಒಬ್ಬರು ಪ್ಯಾಟ್ರಿಕ್ ಬ್ಲ್ಯಾಕೆಟ್, ಜಟ್‌ಲ್ಯಾಂಡ್ ಕದನದಲ್ಲಿ ಇದ್ದವರು. ಕ್ಯಾವೆಂಡಿಶ್ ಲ್ಯಾಬ್ ನೋಡಿದ್ದೇ ನೌಕಾಪಡೆ ಬಿಟ್ಟು ಭೌತವಿಜ್ಞಾನಕ್ಕೆ ಬಂದರು, 1948ರಲ್ಲಿ ನೊಬೆಲ್ ಬಂತು. ಸ್ವಾತಂತ್ರ್ಯದ ನಂತರ ನೆಹರೂ ಅವರಿಗೆ ರಕ್ಷಣಾ ವಿಜ್ಞಾನದ ಬಗ್ಗೆ ಸಲಹೆ ಕೊಟ್ಟವರೂ ಇವರೇ. ಸೇನೆಯಲ್ಲಿದ್ದ ನಿಮ್ಮ ಅಪ್ಪನಿಗೆ ಇದು ಇಷ್ಟವಾಗುತ್ತದೆ.

ಹಳೇಪುಸ್ತಕ:

ಊರನ್ನು ದೂರಲು ಬರೆದದ್ದಲ್ಲ. ಆಸ್ಪತ್ರೆ ವಿಷಯದಲ್ಲಿ ನೀವು ಹೇಳಿದ್ದು ಸರಿ. ಆದರೆ ಗೌರವ ಯಾರಿಗೆ, ಯಾರಿಗಿಲ್ಲ ಅನ್ನುವ ಪ್ರಶ್ನೆ ಆಮೇಲೂ ಉಳಿಯಿತು. ವಿಶ್ವವಿದ್ಯಾಲಯದ ಪಟ್ಟಿ ಪ್ರಕಾರ 13,878 ಮಂದಿ ಯುದ್ಧಕ್ಕೆ ಹೋದರು, 2,470 ಮಂದಿ ಸತ್ತರು. ಹೆಚ್ಚೂಕಡಿಮೆ ಆರಕ್ಕೊಬ್ಬರು. ಪ್ರತಿ ಕಾಲೇಜೂ ತನ್ನ ಚಾಪೆಲ್‌ನಲ್ಲಿ ಹೆಸರು ಕೆತ್ತಿಸಿತು.

ಕಿಂಗ್ಸ್ ಚಾಪೆಲ್‌ಗೆ ಹೋದಾಗ ಎಲ್ಲರೂ ಚಾವಣಿ ನೋಡಿ ಬಂದುಬಿಡುತ್ತಾರೆ. ಪಕ್ಕದ ಸಣ್ಣ ಸ್ಮಾರಕ ಕೋಣೆಗೆ ಹೋಗಿ. ಅಲ್ಲಿ ಬ್ರಿಟಿಷರ ಹೆಸರಿನ ಸಾಲಿನಿಂದ ದೂರ, ಬೇರೆ ಗೋಡೆಯಲ್ಲಿ ಒಂದೇ ಒಂದು ಹೆಸರಿದೆ: ಫೆರೆಂಟ್ಸ್ ಬೇಕಾಶಿ. ಹಂಗೇರಿಯ ಹುಡುಗ, ಕವಿ, ಕಿಂಗ್ಸ್‌ನಲ್ಲಿ ಓದಿದವನು. ಯುದ್ಧ ಶುರುವಾದಾಗ ತನ್ನ ದೇಶಕ್ಕೆ ಹೋಗಿ ಬ್ರಿಟನ್ನಿನ ಎದುರು ಪಕ್ಷದ ಸೈನ್ಯ ಸೇರಿದ, 1915ರಲ್ಲಿ ಪೂರ್ವದ ರಣರಂಗದಲ್ಲಿ ಸತ್ತ. 22 ವರ್ಷ. ಅವನ ಹೆಸರನ್ನು ನಮ್ಮವರ ಜೊತೆ ಕೆತ್ತಬಾರದು ಅಂತ ವಿರೋಧ ಬಂತು, ಅದಕ್ಕೇ ಬೇರೆ ಗೋಡೆ. ಮಗನನ್ನು ಕಳೆದುಕೊಂಡ ಮನೆಯವರ ಸಂಕಟ ಅರ್ಥವಾಗುತ್ತದೆ. ಆದರೂ ಕಾಲೇಜು ಅವನನ್ನು ಬಿಟ್ಟುಬಿಡಲಿಲ್ಲವಲ್ಲ, ಅದನ್ನು ನಾನು ದೊಡ್ಡದು ಅನ್ನುತ್ತೇನೆ. ಆಕ್ಸ್‌ಫರ್ಡ್‌ನ ನ್ಯೂ ಕಾಲೇಜ್ ಕೂಡ 1930ರಲ್ಲಿ ತನ್ನಲ್ಲಿ ಓದಿದ ಮೂವರು ಜರ್ಮನ್ನರಿಗೆ ಪ್ರತ್ಯೇಕ ಫಲಕ ಹಾಕಿಸಿತು.

ಕಾವೇರಿತೀರ:

ಬೇಕಾಶಿ ವಿಷಯ ಹೇಳಿದ್ದಕ್ಕೆ ಥ್ಯಾಂಕ್ಸ್, ನಾನೂ ಎಷ್ಟೋ ಸಲ ಆ ಚಾಪೆಲ್‌ಗೆ ಹೋಗಿ ಗಮನಿಸಿರಲಿಲ್ಲ.

ಸವಾರರೇ, ಎರಡನೇ ಯುದ್ಧದ್ದೂ ಬೇಕಿದ್ದರೆ ಎರಡು ಜಾಗ. ಒಂದು ಈಗಲ್ ಪಬ್, ಹಿಂದಿನ ಬಾರಿನ ಚಾವಣಿಯಲ್ಲಿ ಬ್ರಿಟಿಷ್ ಮತ್ತು ಅಮೆರಿಕನ್ ವಾಯುಪಡೆಯ ಹುಡುಗರು ಲೈಟರ್, ಮೇಣದಬತ್ತಿ, ಲಿಪ್‌ಸ್ಟಿಕ್‌ನಲ್ಲಿ ತಮ್ಮ ಹೆಸರು, ತುಕಡಿ ನಂಬರ್ ಬರೆದಿದ್ದಾರೆ. ಇನ್ನೊಂದು ಊರ ಹೊರಗೆ ಮ್ಯಾಡಿಂಗ್ಲಿಯ ಅಮೆರಿಕನ್ ಸಮಾಧಿ. ಜಮೀನು ಕೊಟ್ಟದ್ದು ವಿಶ್ವವಿದ್ಯಾಲಯ. 3,800ಕ್ಕೂ ಹೆಚ್ಚು ಬಿಳಿ ಕಲ್ಲುಗಳು ಬಾಗಿದ ಸಾಲುಗಳಲ್ಲಿವೆ, ಪಕ್ಕದ ಉದ್ದನೆಯ ಗೋಡೆಯಲ್ಲಿ ಶವವೂ ಸಿಗದ 5,127 ಮಂದಿಯ ಹೆಸರು. ಮೊದಲು ಅಲ್ಲಿಗೆ ಹೋಗಿ ಸಂಜೆ ಪಬ್‌ಗೆ ಬನ್ನಿ. ನವೆಂಬರ್‌ನಲ್ಲಿ ನಾಲ್ಕು ಗಂಟೆಗೇ ಕತ್ತಲಾಗುತ್ತದೆ.

ಸೈಕಲ್‌ಸವಾರ:

ತುಂಬಾ ಧನ್ಯವಾದ ಎಲ್ಲರಿಗೂ. ಮೊದಲ ದಿನ ಪ್ರತಿಮೆ, ಆಮೇಲೆ ಕಿಂಗ್ಸ್ ಚಾಪೆಲ್, ನೆವಿಲ್ಸ್ ಕೋರ್ಟ್. ಮರುದಿನ ರೈಲಿನಲ್ಲಿ ಈಲಿ. ಮ್ಯಾಡಿಂಗ್ಲಿ ಮೂರನೇ ದಿನ. ನವೆಂಬರ್ ಎರಡನೇ ಭಾನುವಾರವೂ ಅವರು ಇಲ್ಲೇ ಇರುತ್ತಾರೆ, ಅವತ್ತು ಸತ್ತ ಸೈನಿಕರ ನೆನಪಿಗೆ ಕೆಂಪು ಪಾಪಿ (ಗಸಗಸೆ ಜಾತಿಯ) ಹೂವಿನ ಹಾರ ಇಡುವಾಗ ಅಪ್ಪ ತಮ್ಮ ಪದಕಗಳನ್ನು ಹಾಕಿಕೊಂಡು ಬರಬಹುದಾ ಅಂತ ಕೇಳುತ್ತಿದ್ದಾರೆ. ಬೇರೆ ದೇಶದ ಮಾಜಿ ಸೈನಿಕರು ಹಾಕಿಕೊಂಡು ಬಂದದ್ದನ್ನು ಇಲ್ಲಿ ಯಾರಾದರೂ ನೋಡಿದ್ದೀರಾ?

ಬಿಳಿಕೋಟು:

ಖಂಡಿತ ಹಾಕಿಕೊಂಡು ಬರಲಿ. ತಮ್ಮದೇ ಪದಕ ಆದರೆ ಎಡ ಎದೆಗೆ, ತೀರಿಕೊಂಡ ಮನೆಯವರದ್ದಾದರೆ ಬಲಕ್ಕೆ, ಇಲ್ಲಿನ ರೂಢಿ ಅಷ್ಟೇ. ಹನ್ನೊಂದು ಗಂಟೆಗೆ ಎರಡು ನಿಮಿಷ ಮೌನ ಇರುತ್ತದೆ, ಹತ್ತೂವರೆಗೇ ಹೋಗಿ ನಿಲ್ಲಿ. ಅಮ್ಮನಿಗೆ ದಪ್ಪ ಕೋಟು, ಕಾಲುಚೀಲ ಮರೆಯಬೇಡಿ.